ಸುತ್ತ ದಟ್ಟವಾದರೆ ಸೆಟೆತ ಸಡಿಲ

ಕಳೆದ ಚಳಿಗಾಲದಲ್ಲಿ ಪಾಲಿಮರ್ ವಿಜ್ಞಾನದ ಒಂದು ಪರಿಚಯ ಲೇಖನವನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಅದರ ಒಂದು ವಾಕ್ಯದ ಮುಂದೆ ಎರಡು ದಿನ ಕೂತಿದ್ದೆ. ವಾಕ್ಯದ ತಾತ್ಪರ್ಯ ಇಷ್ಟೇ: ಬಾಟಲ್‌ಬ್ರಷ್ ಎಂಬ ಜಾತಿಯ ಪಾಲಿಮರ್ ಅಣು ಎಷ್ಟು ಸೆಟೆದು ನಿಂತಿರುತ್ತದೆ ಎನ್ನುವುದನ್ನು ಅದರ ಸುತ್ತ ಬೇರೆ ಪಾಲಿಮರ್ ಎಷ್ಟು ದಟ್ಟವಾಗಿದೆ ಎಂಬುದೂ ನಿರ್ಧರಿಸುತ್ತದೆ. ಸುತ್ತ ದಟ್ಟವಾಗುತ್ತ ಹೋದರೆ ಅಣು ಬಳುಕತೊಡಗುತ್ತದೆ.

ಕೆಲಸ ಕೊಟ್ಟವರು ಜೊತೆಗೊಂದು ಪದಪಟ್ಟಿ ಕಳಿಸಿದ್ದರು. ಅದರಲ್ಲಿ ಸ್ಟಿಫ್‌ನೆಸ್ ಎದುರು ‘ದೃಢತೆ’, ಕಾನ್ಸಂಟ್ರೇಷನ್ ಎದುರು ‘ಸಾಂದ್ರತೆ’, ಪಾಲಿಮರ್ ಎದುರು ಹಿಂದಿಯಿಂದ ಹಾಗೇ ಇಳಿಸಿಕೊಂಡ ‘ಬಹುಲಕ’. ಪಟ್ಟಿಯಂತೆ ಬರೆದರೆ ಸಿಗುವ ವಾಕ್ಯ ಇದು: ‘ಸುತ್ತಲಿನ ಬಹುಲಕದ ಸಾಂದ್ರತೆಯು ಹೆಚ್ಚಿದಂತೆ ಬಾಟಲಿಕುಂಚ ಬಹುಲಕದ ದೃಢತೆಯು ಕಡಿಮೆಯಾಗುತ್ತದೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದಿದವರಿಗೆ ತಿಳಿದದ್ದೇನು? ಸಾಂದ್ರತೆ ಎಂದರೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಡೆನ್ಸಿಟಿ, ಅಂದರೆ ನಿಗದಿತ ಗಾತ್ರದಲ್ಲಿ ಎಷ್ಟು ತೂಕ ಎಂಬ ಲೆಕ್ಕ. ದೃಢತೆ ಎಂದ ಕೂಡಲೇ ನೆನಪಾಗುವುದು ಮನಸ್ಸಿನ ದೃಢತೆ. ಅಣು ಯಾಕೋ ಧೈರ್ಯಗೆಟ್ಟಿತು ಎಂದುಕೊಂಡು ಓದುಗ ಮುಂದೆ ಹೋಗುತ್ತಾನೆ.

ಹಾಗಾದರೆ ಆಡುಮಾತಿಗೆ ಹೋಗೋಣ ಅಂದುಕೊಂಡೆ. ಅಲ್ಲಿ ಇನ್ನೂ ದೊಡ್ಡ ತೊಡಕು. ಬಾಗದ ಕಡ್ಡಿ ಗಟ್ಟಿ, ಮುರಿಯದ ಹಗ್ಗ ಗಟ್ಟಿ, ಉಗುರು ನಾಟದ ಕಾಯಿ ಗಟ್ಟಿ. ನೀರು ಬೆರೆಸದ ಹಾಲೂ ಗಟ್ಟಿ. ಇಂಗ್ಲಿಷಿನ ವಿಜ್ಞಾನ ನಾಲ್ಕು ಬೇರೆ ಬೇರೆ ಹೆಸರು ಕೊಟ್ಟ ಸಂಗತಿಗಳಿಗೆ ನಮ್ಮಲ್ಲಿ ಒಂದೇ ಮಾತು. ಆ ಮಾತಿನಲ್ಲಿ ನನ್ನ ವಾಕ್ಯ ಹೀಗಾಗುತ್ತದೆ: ‘ಸುತ್ತ ಗಟ್ಟಿಯಾದರೆ ಗಟ್ಟಿತನ ಕಡಿಮೆ.’ ಇದು ಒಗಟಾಯಿತು.

ಎರಡು ದಿನದ ಕೊನೆಗೆ ನನಗೆ ತೋರಿದ್ದನ್ನು ಇಲ್ಲಿ ಹೇಳಬೇಕಾಗಿದೆ. ತೊಂದರೆ ಇದ್ದದ್ದು ಪದದಲ್ಲಿ ಅಲ್ಲ. ಸೆಟೆತವನ್ನು ಅಣುವಿನ ಸ್ವಂತ ಆಸ್ತಿಯಂತೆ, ಜೇಬಿನಲ್ಲಿ ಇಟ್ಟುಕೊಂಡ ವಸ್ತುವಿನಂತೆ ನೋಡುವ ರೂಢಿಯಲ್ಲಿ ಇತ್ತು. ಸೆಟೆತ ಅಣುವಿಗೂ ಅದರ ಸುತ್ತಲಿಗೂ ನಡುವೆ ಹುಟ್ಟುವ ಸಂಗತಿ. ಅದನ್ನು ಒಂದು ನಾಮಪದದಲ್ಲಿ ಮುಚ್ಚಿಟ್ಟರೆ ವಿಜ್ಞಾನವೇ ಮುಚ್ಚಿಹೋಗುತ್ತದೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರು, ಬರೆಸುವವರು ಪದಕ್ಕೆ ಪದ ಇಡುವುದನ್ನು ಬಿಟ್ಟು, ಏನು ನಡೆಯುತ್ತಿದೆ ಎಂಬುದನ್ನು ವಾಕ್ಯದಲ್ಲಿ ಹೇಳಬೇಕು ಎಂಬುದು ನನ್ನ ವಾದ. ವಾದ ನಿಲ್ಲಬೇಕಾದರೆ ಮೊದಲು ಈ ಅಣುವನ್ನೇ ನೋಡಬೇಕು.

ಪಾಲಿಮರ್ ಎಂದರೆ ಚಿಕ್ಕ ಚಿಕ್ಕ ತುಣುಕುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ. ಇಷ್ಟು ಉದ್ದದ ಅಣುಗಳು ಇರಬಲ್ಲವು ಎಂದು ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ರಸಾಯನಶಾಸ್ತ್ರಜ್ಞರಲ್ಲಿ ಹಲವರು ಒಪ್ಪಲಿಲ್ಲ. ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ. ಸಾಮಾನ್ಯ ಪಾಲಿಮರ್ ಎಳೆ ದ್ರಾವಣದಲ್ಲಿ ಉಂಡೆಗಟ್ಟಿದ ನೂಲಿನ ಹಾಗೆ ಸುರುಳಿಯಾಗಿ ಬಿದ್ದಿರುತ್ತದೆ.

ಬಾಟಲ್‌ಬ್ರಷ್ ಪಾಲಿಮರ್‌ನ ಆಕಾರ ಬೇರೆ. ನಡುವೆ ಒಂದು ಎಳೆ. ಆ ಎಳೆಯ ಉದ್ದಕ್ಕೂ, ಎಲ್ಲ ದಿಕ್ಕಿಗೂ ಚಾಚಿಕೊಂಡ ನೂರಾರು ಪಕ್ಕದೆಳೆಗಳು. ಸೀಸೆ ತೊಳೆಯುವ ಬ್ರಷ್ ನೆನಪಿಸಿಕೊಳ್ಳಿ. ಇಲ್ಲವೇ ಇಲ್ಲಿ ಪೀತಮ್‌ಪುರದ ನಮ್ಮ ಬ್ಲಾಕಿನ ಪಾರ್ಕಿನಲ್ಲೂ ಬೆಂಗಳೂರಿನ ಬೀದಿಗಳಲ್ಲೂ ಕಾಣುವ, ಅದೇ ಹೆಸರಿನ ಮರದ ಕೆಂಪು ಹೂಗೊಂಚಲು. ನನಗೆ ಇವೆರಡಕ್ಕಿಂತ ಹೂವಿನ ಮಾಲೆ ಹೆಚ್ಚು ಸಹಾಯಕ್ಕೆ ಬಂತು.

ಬಿಡಿಬಿಡಿಯಾಗಿ ಪೋಣಿಸಿದ ಚೆಂಡುಹೂವಿನ ಮಾಲೆಯನ್ನು ಹೇಗೆ ಬೇಕಾದರೂ ಬಗ್ಗಿಸಬಹುದು. ಅದೇ ದಾರಕ್ಕೆ ಹೂಗಳನ್ನು ಒತ್ತೊತ್ತಾಗಿ ತುರುಕಿ ಪೋಣಿಸಿ. ಈಗ ಮಾಲೆ ಸೆಟೆದು ನಿಲ್ಲುತ್ತದೆ. ದಾರ ಬದಲಾಗಿಲ್ಲ, ದಾರ ಈಗಲೂ ಮೆತ್ತಗೇ ಇದೆ. ಬಗ್ಗಿಸಲು ಹೋದರೆ ಒಳಬಾಗಿನ ಕಡೆ ಹೂ ಹೂವಿಗೆ ಒತ್ತುತ್ತದೆ, ಅದಕ್ಕೇ ಬಾಗುವುದಿಲ್ಲ. ಬಾಟಲ್‌ಬ್ರಷ್ ಅಣುವಿನ ಸೆಟೆತವೂ ಹೆಚ್ಚಾಗಿ ಹೀಗೆ ಬಂದದ್ದು. ಪಕ್ಕದೆಳೆಗಳು ಒಂದನ್ನೊಂದು ತಳ್ಳುತ್ತವೆ, ನಡುವಿನ ಎಳೆ ನೆಟ್ಟಗಾಗುತ್ತದೆ.

ಈಗ ಅದೇ ಮಾಲೆ ಸಂಜೆಗೆ ಬಾಡಲಿ. ಹೂಗಳ ಎಣಿಕೆ ಅಷ್ಟೇ, ದಾರ ಅದೇ. ಹೂ ಸೊರಗಿ ಚಿಕ್ಕದಾಗಿರುವುದರಿಂದ ಮಾಲೆ ಜೋತುಬೀಳುತ್ತದೆ. ಬಾಟಲ್‌ಬ್ರಷ್ ಅಣುವನ್ನು ದಟ್ಟ ಪಾಲಿಮರ್ ದ್ರಾವಣದಲ್ಲಿ ಇಟ್ಟಾಗಲೂ ಫಲಿತಾಂಶ ಇದೇ. ಪಕ್ಕದೆಳೆಗಳು ಮುದುಡುತ್ತವೆ, ಸೆಟೆತ ಸಡಿಲವಾಗುತ್ತದೆ. ಕಾರಣ ಮಾತ್ರ ಬೇರೆ, ಅದನ್ನು ಹೂವು ಹೇಳಲಾರದು. ಅದಕ್ಕೆ ಮೆಟ್ರೊ ಹತ್ತಬೇಕು.

ಬೆಳಗಿನ ಮೊದಲ ಮೆಟ್ರೊದಲ್ಲಿ ನಮ್ಮ ಕೆಂಪು ಲೈನಿನ ಡಬ್ಬಿ ಬಹುತೇಕ ಖಾಲಿ. ಒಟ್ಟಿಗೆ ಹತ್ತಿದ ಹತ್ತು ಮಂದಿ ಒಬ್ಬರಿಂದೊಬ್ಬರು ದೂರ ಸರಿದು ಕೂರುತ್ತಾರೆ. ಸರಿದಷ್ಟೂ ಆರಾಮ, ಗುಂಪು ಹರಡಿಕೊಳ್ಳುತ್ತದೆ. ಒಂಬತ್ತು ಗಂಟೆಗೆ ಕಶ್ಮೀರಿ ಗೇಟ್ ಹತ್ತಿರ ಅದೇ ಹತ್ತು ಮಂದಿ ಏನು ಮಾಡುತ್ತಾರೆ? ಸ್ನೇಹಿತನಿಂದ ದೂರ ಸರಿದರೆ ಅಪರಿಚಿತನ ಮೈಗೆ ಒರಗಬೇಕು. ಎಲ್ಲಿ ನಿಂತರೂ ಇಕ್ಕಟ್ಟು ಅಷ್ಟೇ ಆದ್ದರಿಂದ ಸರಿದು ಸಿಗುವ ಲಾಭ ಸೊನ್ನೆ. ಗುಂಪು ಹರಡಿಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಅವರ ನಡುವಿನ ತಳ್ಳಾಟ ಮಾಯವಾಯಿತು ಎಂದಲ್ಲ, ಸುತ್ತಲಿನ ತಳ್ಳಾಟ ಅದನ್ನು ಸರಿದೂಗಿಸಿತು.

ಪಾಲಿಮರ್ ಎಳೆಗಳ ಬಗ್ಗೆ ಈ ಮಾತನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಅಮೆರಿಕದ ಪಾಲ್ ಫ್ಲೋರಿ. ತೆಳು ದ್ರಾವಣದಲ್ಲಿ ಉಬ್ಬಿಕೊಳ್ಳುವ ಎಳೆ, ಬರೀ ತನ್ನಂಥವೇ ಎಳೆಗಳು ಕಿಕ್ಕಿರಿದ ಕರಗಿನಲ್ಲಿ ಉಬ್ಬುವುದಿಲ್ಲ ಎಂದರು. ಕೇಳಿದವರಿಗೆ ಇದು ತಲೆಕೆಳಗಾದ ಮಾತು ಅನಿಸಿದ್ದರೆ ಆಶ್ಚರ್ಯವಿಲ್ಲ. 1970ರ ದಶಕದ ಆರಂಭದಲ್ಲಿ ನ್ಯೂಟ್ರಾನ್ ಪ್ರಯೋಗಗಳು ಅವರ ಮಾತನ್ನು ದೃಢಪಡಿಸಿದವು. ಅವರಿಗೆ ನೊಬೆಲ್ ಬಂದದ್ದು 1974ರಲ್ಲಿ.

ದಟ್ಟಣೆ ಎಷ್ಟಾದರೆ ಇದು ನಡೆಯುತ್ತದೆ? ಇದಕ್ಕೆ ಅಳತೆಗೋಲು ಕೊಟ್ಟವರಲ್ಲಿ ಮುಖ್ಯರು ಫ್ರಾನ್ಸಿನ ಪಿಯರ್ ಜಿಲ್ ದ ಜೆನ್. ಎಳೆಗಳು ಒಂದರ ಮೇಲೊಂದು ಹಾಯುವಷ್ಟು ದಟ್ಟವಾದ ದ್ರಾವಣವನ್ನು ಮೀನಿನ ಬಲೆಯಂತೆ ಭಾವಿಸಿ. ಬಲೆಗೆ ಒಂದು ಕಣ್ಣಿನ ಗಾತ್ರ ಇರುತ್ತದೆ. ಎಳೆಗಳು ಹಿತವಾಗಿ ಬೆರೆಯುವಂಥ ದ್ರಾವಕದಲ್ಲಿ, ದಟ್ಟಣೆ ನಾಲ್ಕು ಪಟ್ಟಾದರೆ ಕಣ್ಣು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಲೆಯ ಕಣ್ಣು ಬ್ರಷ್ಷಿನ ದಪ್ಪಕ್ಕಿಂತ ದೊಡ್ಡದಾಗಿರುವ ತನಕ ಬ್ರಷ್ಷಿನ ಒಳಗೆ ಹೆಚ್ಚೇನೂ ಆಗುವುದಿಲ್ಲ. ಕಣ್ಣು ಅದಕ್ಕಿಂತ ಚಿಕ್ಕದಾದಾಗ ಹೊರಗಿನ ದಟ್ಟಣೆ ಪಕ್ಕದೆಳೆಗಳಿಗೆ ತಟ್ಟುತ್ತದೆ. ಮೊದಲು ಅವುಗಳ ಹೊರತುದಿಗೆ, ಆಮೇಲೆ ಒಳಕ್ಕೆ. ಹರಡಿಕೊಂಡು ಸಿಗುವ ಲಾಭ ಕರಗುತ್ತದೆ, ಎಳೆಗಳು ಮುದುಡುತ್ತವೆ, ನಡುವಿನ ಎಳೆಯ ಮೇಲಿನ ಹಿಡಿತ ತಪ್ಪುತ್ತದೆ.

ಇದು ಬರೀ ಊಹೆಯಲ್ಲ. ಸೆಟೆತವನ್ನು ಅಳೆಯಲು ವಿಜ್ಞಾನಿಗಳು ಬಳಸುವ ಒಂದು ಉದ್ದವಿದೆ. ಅಣುವಿನ ಮೇಲೆ ಇರುವೆಯಂತೆ ನಡೆದು ಹೋದರೆ ಎಷ್ಟು ದೂರದವರೆಗೆ ಅದು ಹೊರಟ ದಿಕ್ಕನ್ನು ನೆನಪಿಟ್ಟುಕೊಂಡಿರುತ್ತದೆ ಎಂಬ ಉದ್ದ. ಮಾಮೂಲು ಉಪ್ಪಿನ ನೀರಿನಲ್ಲಿ ಡಿಎನ್ಎಗೆ ಇದು ಸುಮಾರು 50 ನ್ಯಾನೊಮೀಟರ್. 2009ರಲ್ಲಿ ಜರ್ಮನಿಯ ಮಥಿಯಾಸ್ ಬಲಾಫ್ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಯಲ್ಲಿ, 380 ನ್ಯಾನೊಮೀಟರ್ ಉದ್ದದ ಬಾಟಲ್‌ಬ್ರಷ್ ಅಣುವಿಗೆ ತೆಳು ದ್ರಾವಣದಲ್ಲಿ ದಿಕ್ಕಿನ ನೆನಪು 17.5 ನ್ಯಾನೊಮೀಟರ್ ಇತ್ತು. ಅಂಥವೇ ಅಣುಗಳು ಸುತ್ತ ದಟ್ಟವಾದಾಗ ಅದು 5 ನ್ಯಾನೊಮೀಟರಿಗೆ ಇಳಿಯಿತು. ಇಡೀ ಉದ್ದದಲ್ಲಿ ಸುಮಾರು 22 ಸಲ ದಿಕ್ಕು ಮರೆಯುತ್ತಿದ್ದ ಅಣು ಈಗ 76 ಸಲ ಮರೆಯುತ್ತದೆ. ಅಣುವಿನ ಒಂದು ಕೊಂಡಿಯೂ ಕಳಚಿಲ್ಲ, ಒಂದು ಎಳೆಯೂ ಉದುರಿಲ್ಲ. ಬದಲಾದದ್ದು ಸುತ್ತಮುತ್ತ ಮಾತ್ರ.

ಹಾಗಾದರೆ ಆ ಅಣುವಿನ ಸೆಟೆತ ಎಷ್ಟು? 17.5 ಎನ್ನಬೇಕೇ, 5 ಎನ್ನಬೇಕೇ? ‘ಎಲ್ಲಿ?’ ಎಂದು ಕೇಳದೆ ಉತ್ತರ ಕೊಡಲು ಬರುವುದಿಲ್ಲ. ಡಿಎನ್ಎಯ ಬಗ್ಗೆ ಹೇಳುವಾಗಲೂ ನಾನು ‘ಮಾಮೂಲು ಉಪ್ಪಿನ ನೀರಿನಲ್ಲಿ’ ಎಂದು ಸೇರಿಸಬೇಕಾಯಿತು, ಗಮನಿಸಿದಿರಾ? ಉಪ್ಪು ತೀರಾ ಕಡಿಮೆಯಾದರೆ ಡಿಎನ್ಎ ಇನ್ನಷ್ಟು ಸೆಟೆಯುತ್ತದೆ.

ಮನೆಯ ಹೆಂಗಸರಿಗೆ ಇದು ಹೊಸ ವಿಷಯವೇ ಅಲ್ಲ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಕರಿದ ಹಪ್ಪಳ ಮೆತ್ತಗಾಗುತ್ತದೆ, ಖಡಕ್ ರೊಟ್ಟಿ ಬಾಗುತ್ತದೆ. ಗಾಳಿಯ ತೇವ ಹಿಟ್ಟಿನ ಪಿಷ್ಟದ ಎಳೆಗಳ ನಡುವೆ ಹೊಕ್ಕು ಅವು ಜಾರುವಂತೆ ಮಾಡುತ್ತದೆ. ಪಿಷ್ಟವೂ ಪಾಲಿಮರ್ರೇ. ಯಾವ ಅಜ್ಜಿಯೂ ‘ಹಪ್ಪಳದ ದೃಢತೆ ಕಡಿಮೆಯಾಯಿತು’ ಎನ್ನುವುದಿಲ್ಲ. ‘ಥಂಡಿಗೆ ಹಪ್ಪಳ ಮೆತ್ತಗಾಯ್ತು’ ಎನ್ನುತ್ತಾಳೆ. ಆ ಪುಟ್ಟ ವಾಕ್ಯದಲ್ಲಿ ಯಾವುದು, ಯಾವುದರಿಂದ, ಏನಾಯಿತು ಎಂಬ ಮೂರೂ ಇದೆ. ನಮ್ಮ ಪದಪಟ್ಟಿಯ ವಾಕ್ಯದಲ್ಲಿ ಇಲ್ಲದ್ದು ಇದೇ.

ಭಾಷಾಶಾಸ್ತ್ರ ಓದುವಾಗ ನಮಗೆ ಮೊದಲು ಕಲಿಸಿದ ಸಂಗತಿಗಳಲ್ಲಿ ಒಂದು: ಕ್ರಿಯಾಪದ ತನ್ನ ಜೊತೆಯವರನ್ನು ಕೇಳುತ್ತದೆ. ‘ಬಾಗು’ ಎಂದರೆ ಯಾವುದು ಬಾಗಿತು ಎಂಬ ಪ್ರಶ್ನೆ ಬರುತ್ತದೆ. ‘ಬಾಗಿಸು’ ಎಂದರೆ ಬಾಗಿಸಿದ್ದು ಯಾರು ಎಂಬುದೂ ಬೇಕಾಗುತ್ತದೆ. ‘ದೃಢತೆ’ ಯಾರನ್ನೂ ಕೇಳುವುದಿಲ್ಲ. ಇಂಗ್ಲಿಷಿನ ವಿಜ್ಞಾನ ಬರವಣಿಗೆ ನಾಮಪದಗಳ ಮೇಲೆ ನಾಮಪದ ಪೇರಿಸಿ ನಡೆಯುತ್ತದೆ. ಆ ಓದುಗರಿಗೆ ನಾಮಪದದ ಹಿಂದಿನ ಕತೆ ಗೊತ್ತಿರುವುದರಿಂದ ಅವರಿಗೆ ಅದು ಸಂಕ್ಷೇಪ. ಕನ್ನಡದ ಮೊದಲ ಓದುಗನಿಗೆ ಆ ಕತೆ ಗೊತ್ತಿಲ್ಲ. ಅವನ ಪಾಲಿಗೆ ಅದು ಸಂಕ್ಷೇಪವಲ್ಲ, ಬೀಗ.

ಈ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ ಇದೇ ಪಾಲಿಮರ್‌ನ ಇನ್ನೊಂದು ಮುಖ ಸಾಕ್ಷಿ. ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಸರ್ಗೇ ಶೆಯ್ಕೊ ಮತ್ತು ಸಂಗಡಿಗರು ಬಾಟಲ್‌ಬ್ರಷ್ ಅಣುಗಳನ್ನು ಅಲ್ಲಲ್ಲಿ ಜೋಡಿಸಿ ರಬ್ಬರ್ ಮಾಡಿದರು. 2016ರಲ್ಲಿ ಅವರು ವರದಿ ಮಾಡಿದ ವಸ್ತು, ಒಳಗೆ ಒಂದು ಹನಿ ದ್ರಾವಕ ಇಲ್ಲದೆಯೂ ಜೆಲ್ಲಿಯಷ್ಟು ಮೆತ್ತಗೆ. ಮಾಮೂಲು ರಬ್ಬರಿನ ಸೆಟೆತ ಲಕ್ಷಗಟ್ಟಲೆ ಪಾಸ್ಕಲ್, ಇದರದು ನೂರರ ಲೆಕ್ಕದವರೆಗೂ ಇಳಿಯುತ್ತಿತ್ತು. ಕಾರಣ, ದಪ್ಪನೆಯ ಬ್ರಷ್‌ಗಳು ತೆಳು ಎಳೆಗಳ ಹಾಗೆ ಒಂದಕ್ಕೊಂದು ಸಿಕ್ಕು ಬೀಳುವುದಿಲ್ಲ. ಅಂದರೆ ಒಂದು ಅಣುವಾಗಿ ನೋಡಿದರೆ ಮಾಮೂಲು ಎಳೆಗಿಂತ ಸೆಟೆದದ್ದು, ವಸ್ತುವಾಗಿ ಮುಟ್ಟಿದರೆ ಮಾಮೂಲು ರಬ್ಬರಿಗಿಂತ ಎಷ್ಟೋ ಮೆದು. ಎರಡು ಕಡೆಯೂ ‘ದೃಢತೆ’ ಎಂದೇ ಬರೆದ ಅನುವಾದವನ್ನು ಓದಿದ ವಿದ್ಯಾರ್ಥಿ ಪುಸ್ತಕ ತಪ್ಪು ಎನ್ನುತ್ತಾನೆ. ಇಲ್ಲವೇ ತನಗೆ ತಲೆಯಿಲ್ಲ ಎಂದುಕೊಳ್ಳುತ್ತಾನೆ. ಹೆಚ್ಚಿನ ಮಕ್ಕಳು ಎರಡನೆಯದನ್ನೇ ನಂಬುತ್ತಾರೆ. ನನಗೆ ಸಂಕಟವಾಗುವುದು ಅಲ್ಲಿ.

ಇದೆಲ್ಲ ಪ್ರಯೋಗಾಲಯದ ಮಾತು, ನಮಗೇಕೆ ಎನ್ನುವವರಿಗೆ, ನವೆಂಬರಿನ ಡಿಲ್ಲಿಯಲ್ಲಿ ಕೆಮ್ಮುತ್ತ ಕೂತು ನಾನು ಓದಿದ ಒಂದು ಸಂಶೋಧನೆ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ. ಅವು ಬಡಿಯುತ್ತ ಕಫವನ್ನು ಮೇಲಕ್ಕೆ ಸಾಗಿಸುತ್ತವೆ. ಆ ರೋಮಗಳ ನಡುವಿನ ಜಾಗದಲ್ಲಿ ಬರೀ ನೀರಿದೆ ಎಂದು ಬಹುಕಾಲ ನಂಬಿದ್ದರು. ಅಲ್ಲಿ ಇರುವುದು ಜೀವಕೋಶಕ್ಕೆ ಅಂಟಿ ನಿಂತ ಪಾಲಿಮರ್ ಬ್ರಷ್ ಎಂದು ಬ್ರಯಾನ್ ಬಟನ್, ಮೈಕೇಲ್ ರೂಬಿನ್‌ಸ್ಟೈನ್ ಮತ್ತಿತರರು 2012ರಲ್ಲಿ ತೋರಿಸಿದರು. ಮೇಲಿನ ಕಫವೂ ಮ್ಯೂಸಿನ್ ಎಂಬ, ಸಕ್ಕರೆಯ ಪಕ್ಕದೆಳೆಗಳಿರುವ ಪಾಲಿಮರ್. ಆರೋಗ್ಯವಾಗಿರುವಾಗ ಅದರಲ್ಲಿ ನೂರಕ್ಕೆ ಸುಮಾರು 98 ಪಾಲು ನೀರು. ನೀರು ಕಡಿಮೆಯಾಗಿ ಕಫ ತೀರಾ ದಟ್ಟವಾದರೆ ಅದು ಕೆಳಗಿನ ಬ್ರಷ್ಷಿನಿಂದ ನೀರು ಸೆಳೆದು ಅದನ್ನು ಅಮುಕುತ್ತದೆ. ರೋಮಗಳು ಮಲಗುತ್ತವೆ, ಕಫ ಅಲ್ಲೇ ನಿಲ್ಲುತ್ತದೆ. ಇದು ನನ್ನ ವಾಕ್ಯದ ಕತೆಯೇ ಅಲ್ಲ, ಅದರ ಪಕ್ಕದ ಮನೆಯ ಕತೆ. ಆದರೆ ಪಾಠ ಒಂದೇ. ಬ್ರಷ್ ಹೇಗೆ ನಿಂತಿದೆ ಎಂದು ತಿಳಿಯಬೇಕಾದರೆ ಬ್ರಷ್ಷನ್ನಷ್ಟೇ ನೋಡಿದರೆ ಸಾಲದು. ಅದರ ಸುತ್ತ ಏನು, ಎಷ್ಟು ದಟ್ಟವಾಗಿದೆ ಎಂದು ನೋಡಬೇಕು.

ಇನ್ನು ಪದಪಟ್ಟಿಗಳ ವಿಷಯ. ನಾನು ಅವುಗಳ ವಿರೋಧಿಯಲ್ಲ. ಇದೇ ಡಿಲ್ಲಿಯ ರಾಮಕೃಷ್ಣಪುರಂನಲ್ಲಿ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗವಿದೆ. 1960ರ ರಾಷ್ಟ್ರಪತಿ ಆದೇಶದ ಮೇರೆಗೆ 1961ರಲ್ಲಿ ಆರಂಭವಾದದ್ದು. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಲ್ಲಿ 2008ರಿಂದ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಒಂದೇ ವಿಷಯಕ್ಕೆ ಹತ್ತು ಪುಸ್ತಕದಲ್ಲಿ ಹತ್ತು ಪದ ಇದ್ದರೆ ಪರೀಕ್ಷೆ ಬರೆಯುವ ಮಗುವಿಗೆ ಕಷ್ಟ ಎಂಬ ಅವರ ವಾದ ನಿಜ. ಪಟ್ಟಿ ಬೇಕು. ಆದರೆ ಪಟ್ಟಿ ಅಂದರೆ ಪಾತ್ರೆಗಳ ಕಪಾಟು. ಕಪಾಟು ತುಂಬಿದ ಮಾತ್ರಕ್ಕೆ ಅಡುಗೆ ಆಗುವುದಿಲ್ಲ.

ಇನ್ನೊಂದು ಗುಂಪಿನವರು ಈ ರಗಳೆಯೇ ಬೇಡ, ‘ಸ್ಟಿಫ್‌ನೆಸ್’ ಎಂದೇ ಬರೆಯಿರಿ ಎನ್ನುತ್ತಾರೆ. ಪಾಲಿಮರ್, ಮೆಟ್ರೊ, ರಬ್ಬರ್ ಬಂದ ಹಾಗೆ ಅದೂ ಬರಲಿ, ನನಗೆ ಮಡಿಯಿಲ್ಲ. ಈ ಲೇಖನದಲ್ಲೇ ಎಷ್ಟು ಬಳಸಿದ್ದೇನೆ ನೋಡಿ. ಆದರೆ ವಸ್ತುವಿನ ಹೆಸರು ಎರವಲು ತರುವುದು ಬೇರೆ, ಸಂಬಂಧದ ಹೆಸರು ತರುವುದು ಬೇರೆ. ರಬ್ಬರ್ ಎಂದರೆ ಕೈಗೆ ಕೊಟ್ಟು ತೋರಿಸಬಹುದು. ಸ್ಟಿಫ್‌ನೆಸ್ ಎಂದು ಕನ್ನಡ ಲಿಪಿಯಲ್ಲಿ ಬರೆದರೂ, ದೃಢತೆ ಎಂದು ಬರೆದರೂ ‘ಎಲ್ಲಿ, ಯಾವುದರ ಎದುರು’ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಸಂಸ್ಕೃತದ ಪದವೋ ಇಂಗ್ಲಿಷಿನದೋ ಅಚ್ಚಗನ್ನಡದ್ದೋ ಎಂದು ನಾವು ಅರ್ಧ ಶತಮಾನದಿಂದ ಮಾಡುತ್ತಿರುವ ಜಗಳ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ನಾನು ಆರಿಸಿಕೊಂಡ ‘ಸೆಟೆತ’ವೂ ಒಂಟಿಯಾಗಿ ನಿಂತರೆ ಅಷ್ಟೇ ಮೂಕ.

ನಮ್ಮಲ್ಲಿ ಬೇರೆ ದಾರಿ ತುಳಿದವರು ಇದ್ದರು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನೇ ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪುಸ್ತಕವಾಗಿಯೂ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಇವರು ಪರಿಭಾಷೆ ಸಿದ್ಧವಾಗಲಿ ಎಂದು ಕಾದು ಕೂರಲಿಲ್ಲ. ತಮಗೆ ಅರ್ಥವಾದದ್ದನ್ನು ಬರೆದರು. ಇಂದು ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಕೂಲಿ ಇಲ್ಲ. ನನ್ನಂಥವರಿಗೆ ಪದಕ್ಕಿಷ್ಟು ಎಂದು ಲೆಕ್ಕ. ಎರಡು ದಿನ ಒಂದು ವಾಕ್ಯದ ಮುಂದೆ ಕೂತರೆ ಆ ಎರಡು ದಿನ ನನ್ನ ಖರ್ಚು. ಈಗ ಯಂತ್ರ ಮಾಡಿದ ಅನುವಾದವನ್ನು ಕೊಟ್ಟು ‘ಸ್ವಲ್ಪ ತಿದ್ದಿ ಸಾಕು’ ಎನ್ನುವವರೂ ಹೆಚ್ಚಾಗಿದ್ದಾರೆ. ಪಟ್ಟಿಯ ಪದವನ್ನು ಪಟ್ಟಿಯಂತೆ ಇಡುವ ಕೆಲಸವನ್ನು ಯಂತ್ರ ನನಗಿಂತ ಚೆನ್ನಾಗಿ ಮಾಡುತ್ತದೆ, ನಿಜ. ಅದಕ್ಕೇ ಹೇಳುತ್ತಿದ್ದೇನೆ, ಮನುಷ್ಯರಿಗೆ ಕೊಡಬೇಕಾದ ಕೆಲಸ ಅದಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಪದಪಟ್ಟಿ ಮಾಡುವವರು ಪ್ರತಿ ಪದದ ಎದುರು ಇನ್ನೊಂದು ಪದ ಇಡುವ ಜೊತೆಗೆ, ಅದು ನಡೆಯುವುದನ್ನು ತೋರಿಸುವ ಒಂದು ಕನ್ನಡ ವಾಕ್ಯವನ್ನೂ ಇಡಲಿ. ಆ ವಾಕ್ಯದಲ್ಲಿ ಕ್ರಿಯಾಪದ ಇರಲಿ, ‘ಯಾವುದು, ಎಲ್ಲಿ, ಯಾವುದರಿಂದ’ ಎಂಬುದಕ್ಕೆ ಉತ್ತರ ಇರಲಿ. ಅನುವಾದ ಮಾಡಿಸುವವರು, ಪಠ್ಯಪುಸ್ತಕವನ್ನಾದರೂ, ಆ ವಿಷಯ ಬಲ್ಲ ಒಬ್ಬರ ಜೊತೆ ಅನುವಾದಕರನ್ನು ಕೂರಿಸಲಿ. ಆ ಹೊತ್ತಿಗೂ ಕೂಲಿ ಕೊಡಲಿ. ಓದುಗರು, ಅಂದರೆ ನೀವು, ಅರ್ಥವಾಗದ ಕನ್ನಡ ವಿಜ್ಞಾನ ಸಿಕ್ಕಾಗ ನಿಮ್ಮ ತಲೆಯನ್ನು ಬೈದುಕೊಳ್ಳುವ ಮೊದಲು ಆ ವಾಕ್ಯದಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಹುಡುಕಿ. ಸಿಗದಿದ್ದರೆ ತಪ್ಪು ನಿಮ್ಮದಲ್ಲ.

ಕೊನೆಗೆ ನಾನು ಕಳಿಸಿದ್ದು ಹೀಗೆ: ‘ತೆಳು ದ್ರಾವಣದಲ್ಲಿ ಪಕ್ಕದೆಳೆಗಳು ಒಂದನ್ನೊಂದು ತಳ್ಳುವುದರಿಂದ ಬಾಟಲ್‌ಬ್ರಷ್ ಅಣು ಸೆಟೆದಿರುತ್ತದೆ. ಸುತ್ತ ಬೇರೆ ಪಾಲಿಮರ್ ದಟ್ಟವಾದಾಗ ಹಾಗೆ ತಳ್ಳಿ ಹರಡಿಕೊಳ್ಳುವುದರಿಂದ ಲಾಭವಿಲ್ಲ. ಪಕ್ಕದೆಳೆಗಳು ಮುದುಡುತ್ತವೆ, ಅಣು ಬಳುಕುತ್ತದೆ.’ ಒಂದು ವಾಕ್ಯ ಮೂರಾಯಿತು. ಪಟ್ಟಿಯ ಪದಗಳಲ್ಲಿ ಒಂದೂ ಇಲ್ಲ. ‘ಪದಪಟ್ಟಿ ಪಾಲಿಸಿಲ್ಲ’ ಎಂದು ಕೆಂಪು ಗುರುತು ಹಾಕಿ ವಾಪಸ್ ಬಂತು. ಕಾರಣ ಬರೆದು ಮತ್ತೆ ಅದನ್ನೇ ಕಳಿಸಿದೆ. ಎರಡನೆಯ ಸಲ ಗುರುತು ಬರಲಿಲ್ಲ. ಒಪ್ಪಿದರೋ, ಬೇಸತ್ತರೋ, ನಾನು ಕೇಳಲು ಹೋಗಲಿಲ್ಲ.